ಅಗುಳಿ ತೆಗೆದವನು

"ಗುರುಗಳೇ, ಪ್ರಜೆಗಳನ್ನು ಹಿಂಸಿಸುವ ಒಡೆಯನನ್ನು ಇಳಿಸಲು ಹೊರಗಿನ ರಾಜನೊಬ್ಬ ದಂಡೆತ್ತಿ ಬಂದರೆ, ಅವನನ್ನು ಒಳಗೆ ಬಿಟ್ಟುಕೊಳ್ಳುವುದು ಸರಿಯೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನ ಕೋಟೆಬಾಗಿಲನ್ನು ಒಬ್ಬ ಕಾವಲುಗಾರ ಕಾಯುತ್ತಿದ್ದ. ಆ ಊರಿನ ಪಾಳೆಯಗಾರ ಕಡುಪಾಪಿ. ಕಣಜಕ್ಕೆ ಬೀಗ ಹಾಕಿ ಜನರನ್ನು ಹಸಿವಿಗೆ ನೂಕಿದ್ದ. ಕಾಳು ಕೇಳಲು ಹೋದ ಕಾವಲುಗಾರನ ತಮ್ಮನನ್ನು ನೆಲಮಾಳಿಗೆಗೆ ತಳ್ಳಿಸಿದ್ದ. ಅಲ್ಲಿಗೆ ಹೋದವರು ಹೆಣವಾಗಿಯೇ ಹೊರಬರುತ್ತಿದ್ದರು.

ಒಂದು ದಿನ ಊರಿನ ದಳವಾಯಿ ಅವನ ಮನೆಗೆ ಬಂದ. ಪಾಳೆಯಗಾರನ ಮೇಲೆ ತಿರುಗಿಬಿದ್ದವರಿಗೆಲ್ಲ ಈಗ ತಾನೇ ಮುಂದಾಳು ಎಂದ. ನೆರೆಯ ರಾಜನ ದಂಡು ಬೆಟ್ಟದಾಚೆ ಬೀಡುಬಿಟ್ಟಿದೆ, ನಾಳೆ ಬೆಳಕು ಹರಿಯುವ ಹೊತ್ತಿಗೆ ಅಗುಳಿ ತೆಗೆದರೆ ಸಾಕು ಎಂದ.

ಕಾವಲುಗಾರ ಅವನ ಮುಖ ನೋಡಿದ. "ನನ್ನ ತಮ್ಮನ ಕೈಗೆ ಕೋಳ ತೊಡಿಸಿದವರು ನೀವೇ ಅಲ್ಲವೇ, ಸ್ವಾಮಿ?"

"ಆಗ ಪಾಳೆಯಗಾರನ ಕೈಕೆಳಗಿದ್ದೆ. ಈಗ ಜನರ ಕಡೆ ಇದ್ದೇನೆ."

"ಆ ರಾಜನಿಗೆ ನಮ್ಮ ಮೇಲೆ ಇಷ್ಟು ಕನಿಕರ ಏಕೆ?"

"ನಿನಗೆ ತಮ್ಮ ಬೇಕೋ, ಉತ್ತರ ಬೇಕೋ?"

ಮರುದಿನ ಕಾವಲುಗಾರ ಅಗುಳಿ ತೆಗೆದ. ದಂಡು ನುಗ್ಗಿತು. ಪಾಳೆಯಗಾರ ತನ್ನ ಅಂಗಳದಲ್ಲೇ ಹತನಾದ. ಕಾವಲುಗಾರ ತಮ್ಮನನ್ನು ಹೆಗಲ ಮೇಲೆ ಹೊತ್ತು ತಂದು, ಗಂಜಿ ಕುಡಿಸಿ ಬದುಕಿಸಿಕೊಂಡ. ಜನರಿಗೆ ಕಾಳು ಸಿಕ್ಕಿತು. ಅವರು ದಳವಾಯಿಗೆ ಹಾರ ಹಾಕಿದರು. ರಾಜ ಅವನನ್ನೇ ಗದ್ದುಗೆಯ ಮೇಲೆ ಕೂರಿಸಿದ.

ಆದರೆ ದಂಡು ಊರು ಬಿಡಲಿಲ್ಲ. ಸೈನಿಕರು ಕೆರೆ ಏರಿಯ ಮೇಲೆ ಡೇರೆ ಹಾಕಿದರು. ತೂಬಿನಿಂದ ತಮ್ಮ ನಾಡಿನ ಕಡೆಗೆ ಕಾಲುವೆ ತೋಡಿದರು. ಊರಿನ ಗದ್ದೆಗಳಲ್ಲಿ ಪೈರು ಒಣಗಿತು. ನೀರು ಕೇಳಿದವರಿಗೆ ಈಟಿ ತೋರಿಸಿದರು.

ಕಾವಲುಗಾರ ಗದ್ದುಗೆಯ ಮುಂದೆ ಹೋಗಿ ನಿಂತು, "ಇವರು ಯಾವಾಗ ಹೋಗುತ್ತಾರೆ?" ಎಂದು ಕೇಳಿದ.

ದಳವಾಯಿ ಬಾಗಿಲಲ್ಲಿ ನಿಂತಿದ್ದ ರಾಜನ ಸೈನಿಕರತ್ತ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, "ನಾನು ಯಾರನ್ನು ಕೇಳಲಿ?" ಎಂದ.

ಮುಂದಿನ ಬಿತ್ತನೆಗೆ ಮೊದಲೇ ಅರ್ಧ ಊರು ಗುಳೆ ಹೊರಟಿತು. ತಮ್ಮನ ಕಾಲಿಗೆ ಇನ್ನೂ ಬಲ ಬಂದಿರಲಿಲ್ಲ. ಅಣ್ಣ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಊರಿನವರು ಅಣ್ಣನನ್ನು ಕಂಡು ಮುಖ ತಿರುಗಿಸಿದರು.

ಗುರು ಇಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅವನು ಅಗುಳಿ ತೆಗೆಯಬಾರದಿತ್ತು," ಎಂದ ಶಿಷ್ಯ.

"ನಿನ್ನ ತಮ್ಮ ನೆಲಮಾಳಿಗೆಯಲ್ಲಿಲ್ಲವಲ್ಲ," ಎಂದರು ಗುರು.