ಮಣ್ಣಜ್ಜಿ ಎಬ್ಬಿಸದೆ ಬಿಟ್ಟ ಮಕ್ಕಳು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗೆಲ್ಲ ಗಿಡಗಳು ಒಣಗುವ ಮುಂಚೆ ತಮ್ಮ ಬೀಜಗಳನ್ನು ಮಣ್ಣಜ್ಜಿಯ ಮಡಿಲಿಗೆ ಹಾಕಿ ಕಣ್ಣು ಮುಚ್ಚುತ್ತಿದ್ದವು.

ಒಂದು ಸಲ ಅಣ್ಣೆಸೊಪ್ಪಿನ ಗಿಡ ಹೇಳಿತು: "ಅಜ್ಜೀ, ಈ ದಿಬ್ಬದ ಮೇಲೆ ನಮ್ ಕುಲದಲ್ಲಿ ಉಳ್ದಿರೋಳು ನಾನೊಬ್ಳೇ. ಮಕ್ಳು ನಿನ್ ಕೈಲವೆ."

"ಯೋಚ್ನೆ ಬುಡವ್ವ, ನಾನಿಲ್ವಾ?" ಎಂದಳು ಮಣ್ಣಜ್ಜಿ.

ಮಣ್ಣಜ್ಜಿ ಪ್ರೀತಿಯವಳೇ. ಆದರೆ ಶಿಸ್ತು ಸ್ವಲ್ಪ ಜಾಸ್ತಿ. ಮೊದಲ ಹನಿ ಬಿದ್ದ ಕೂಡಲೇ ಬೀಜಗಳೆಲ್ಲ ಒಟ್ಟಿಗೆ ಏಳಬೇಕು, ಅದು ಅವಳ ಮನೆಯ ಪದ್ಧತಿ. ತಡವಾಗಿ ಏಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಭರಣಿ ಮಳೆ ಬಂತು. "ಏಳ್ರವ್ವ, ಏಳ್ರಪ್ಪ, ಮಳೆರಾಯ ಬಂದವ್ನೆ!"

ಕರಿಮಣಿಯಂತೆ ಹೊಳೆಯುವ ಬೀಜಗಳೆಲ್ಲ ಎದ್ದವು. ಕೆಂಚಿ ಎಂಬ ಒಂದು ಬೀಜ ಮಾತ್ರ ಏಳಲಿಲ್ಲ. ಹುಟ್ಟಿದಾಗಿನಿಂದಲೂ ಅವಳ ಬಣ್ಣ ಬೇರೆ, ಸಿಪ್ಪೆಯೂ ದಪ್ಪ.

"ಇನ್ನೂ ನಿದ್ದೆ ಬತ್ತದೆ ಅಜ್ಜಿ."

"ನಿಮ್ಮಕ್ಕಂದಿರ್ನ ನೋಡಿ ಕಲ್ತ್ಕೊ, ಸೋಮಾರಿ!" ಎಂದು ಗದರಿ ಮಣ್ಣಜ್ಜಿ ಅತ್ತ ತಿರುಗಿದಳು.

ಭರಣಿ ಮಳೆ ಮೂರೇ ದಿನಕ್ಕೆ ಗಂಟುಮೂಟೆ ಕಟ್ಟಿತು. ಬಿಸಿಲು ಏರಿತು. "ಅಜ್ಜೀ, ನೀರು" ಎಂದವು ಎಳೆ ಮೊಳಕೆಗಳು. ಮಣ್ಣಜ್ಜಿ ಒಡಲೆಲ್ಲ ತಡಕಿದಳು, ಒಂದು ಹನಿಯೂ ಸಿಗಲಿಲ್ಲ. ಒಂದೊಂದಾಗಿ ಎಲ್ಲವೂ ಅವಳ ಕಣ್ಣೆದುರೇ ಬಾಡಿಹೋದವು.

ಮಣ್ಣಜ್ಜಿಯ ಎದೆ ಬಿರಿಯಿತು. "ನನ್ ಮಾತು ಕೇಳಿದ್ ಮಕ್ಳೇ ಹೋದ್ವಲ್ಲ! ಆ ತಾಯ್ಗೆ ಏನಂತ ಹೇಳ್ಲಿ?" ಎಂದು ಅತ್ತಳು. ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು.

ರೋಹಿಣಿ ಮಳೆ ಬಂದಾಗ ಯಾರನ್ನೂ ಕರೆಯಲು ಅವಳಿಗೆ ಬಾಯೇ ಬರಲಿಲ್ಲ. ಆಗ ಒಳಗಿಂದ ಕೆಂಚಿಯ ಸಣ್ಣ ದನಿ ಕೇಳಿತು: "ಅಜ್ಜೀ, ಈಗ ಏಳ್ಲಾ?"

"ನಿಂಗ್ ಯಾವಾಗ ಅನ್ಸ್ತದೋ ಆವಾಗ ಏಳವ್ವ."

ಕೆಂಚಿ ಎದ್ದಳು, ಗಿಡವಾದಳು, ಗುಲಾಬಿ ಬಣ್ಣದ ತೆನೆ ಬಿಟ್ಟಳು. ದಿಬ್ಬದಾಚೆ ಬಿಳಿ ತೆನೆಯ ಅಣ್ಣೆಗಿಡಗಳಿದ್ದವು. ಅವುಗಳ ಪರಾಗವನ್ನು ಜೇನುಹುಳ ಹೊತ್ತು ತಂದಿತು. ಹುಟ್ಟಿದ ಮಕ್ಕಳಲ್ಲಿ ಒಬ್ಬರಂತೆ ಇನ್ನೊಬ್ಬರಿರಲಿಲ್ಲ. ಹನಿ ಬಿದ್ದರೆ ನೆಗೆದು ಏಳುವವರಿದ್ದರು, ಮೂರನೆಯ ಮಳೆಗೆ ಕಣ್ಣುಜ್ಜುವವರಿದ್ದರು, ನಾಲ್ಕು ವರ್ಷ ಮಿಸುಕದೆ ಮಲಗುವವರೂ ಇದ್ದರು. ಮಣ್ಣಜ್ಜಿ ಒಬ್ಬರನ್ನೂ ಗದರಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ಅಣ್ಣೆಸೊಪ್ಪು ಒಂದೇ ಮಳೆಗೆ ಪೂರ್ತಿ ಮೊಳೆಯುವುದಿಲ್ಲ. ನೀನು ಹೊಲದಲ್ಲಿ ಒಂದೂ ಬಿಡದೆ ಬೇರುಸಮೇತ ಕಿತ್ತು ಬಂದರೂ, ಅಜ್ಜಿ ಎಬ್ಬಿಸದೆ ಬಿಟ್ಟ ಮಕ್ಕಳು ಮುಂದಿನ ಮಳೆಗೆ ಅಲ್ಲೇ ತಲೆಯೆತ್ತುತ್ತಾರೆ.