ಬೆಲ್ಲದ ವ್ಯಾಪಾರಿಯ ಗೇರ್‌ಬಾಕ್ಸ್

“ಬುದ್ಧೀ, ತಪ್ಪನ್ನು ಬಾಯಿ ಬಿಟ್ಟು ಒಪ್ಪಿಕೊಂಡವನಿಗೂ ಅದನ್ನು ತಿದ್ದಿಕೊಳ್ಳಲು ಆಗದೆ ಹೋಗಬಹುದೇ?” ಎಂದು ಒಂದು ರಾತ್ರಿ ಶಿಷ್ಯ ಗುರುಗಳನ್ನು ಕೇಳಿದ.

ಅವನು ಮಠದ ಊಟದ ಮನೆ ನೋಡಿಕೊಳ್ಳುವವನು. ಕೆಲಸದಲ್ಲಿ ಗಟ್ಟಿ, ಸಿಟ್ಟಿನಲ್ಲಿ ಕೆಟ್ಟವನು. ಆ ದಿನ ಮಧ್ಯಾಹ್ನ ಎರಡನೆಯ ಸಲ ಪಾಯಸ ಕೇಳಿದನೆಂದು ಒಬ್ಬ ಮುದುಕನ ಮುಂದಿನ ಎಲೆಯನ್ನೇ ಎಳೆದುಬಿಟ್ಟಿದ್ದ. ಮುದುಕ ಅರ್ಧ ಊಟದಲ್ಲೇ ಎದ್ದು ಹೋಗಿದ್ದ.

“ಹನ್ನೆರಡು ವರ್ಷದಿಂದ ನಿಮ್ಮ ಮುಂದೆ ಏನನ್ನೂ ಮುಚ್ಚಿಟ್ಟಿಲ್ಲ. ನೀವು ಹೇಳಿದಾಗ ಉಪವಾಸ ಮಾಡಿದೆ, ಮೌನ ಹಿಡಿದೆ. ಸಿಟ್ಟು ಎಳ್ಳಷ್ಟೂ ಇಳಿದಿಲ್ಲ. ಇನ್ನೇನು ಮಾಡಲಿ?”

ಗುರುಗಳು ಈ ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮೂರು ವರ್ಷದವನಿದ್ದಾಗ ಜ್ವರ ಬಂದು ಅವನ ಎಡಗಾಲು ಸೊರಗಿಹೋಗಿತ್ತು. ಹದಿನಾಲ್ಕು ತುಂಬುವವರೆಗೂ ಅವನನ್ನು ಯಾರಾದರೂ ಹೊತ್ತುಕೊಂಡು ಹೋಗಬೇಕಿತ್ತು. ಆಮೇಲೆ ಕೋಲು ಊರಿ ನಾಲ್ಕು ಹೆಜ್ಜೆ ಇಡುವುದನ್ನು ಕಲಿತ. ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಅವನು ಮನೆ ಕಟ್ಟಲಿಲ್ಲ, ಜಮೀನು ಕೊಳ್ಳಲಿಲ್ಲ, ಕಾರು ಕೊಂಡ. ಕ್ಲಚ್ ತುಳಿಯುವ ಕೆಲಸವಿಲ್ಲದ ಕಾರು. ಗೇರು ತಾನಾಗಿಯೇ ಬದಲಾಗುತ್ತಿತ್ತು, ಬಲಗಾಲು ಒಂದಿದ್ದರೆ ಸಾಕಾಗಿತ್ತು. ಆ ಸುತ್ತಿನಲ್ಲಿ ಅಂಥದ್ದು ಅದೊಂದೇ. ಅದರ ಸ್ಟಿಯರಿಂಗ್ ಹಿಡಿದ ದಿನ ಅವನು ಮನಸ್ಸಿನಲ್ಲೇ ಅಂದುಕೊಂಡ: ಇನ್ನು ಸಾಯುವವರೆಗೆ ಯಾರ ಬೆನ್ನ ಮೇಲೂ ಹತ್ತುವುದಿಲ್ಲ.

ಇಪ್ಪತ್ತು ವರ್ಷ ಯಾರ ಬೆನ್ನ ಮೇಲೂ ಹತ್ತಲಿಲ್ಲ.

ಅವನ ವ್ಯಾಪಾರ ನಿಂತದ್ದು ಮೂಗಿನ ಮೇಲೆ. ಆಲೆಮನೆಯಿಂದ ಆಲೆಮನೆಗೆ ತಾನೇ ಹೋಗಿ, ಅಚ್ಚು ಮುರಿದು, ಮೂಸಿ, ನಾಲಿಗೆಗೆ ಹಚ್ಚಿ ನೋಡಿ ಕೊಳ್ಳುತ್ತಿದ್ದ. ಅದರಲ್ಲೂ ಒಂದು ಕಟ್ಟುನಿಟ್ಟು ಇತ್ತು. ಬಿಸಿ ಬೆಲ್ಲವನ್ನು ಅವನು ಮುಟ್ಟುತ್ತಿರಲಿಲ್ಲ. ಕೊಪ್ಪರಿಗೆಯಿಂದ ಇಳಿಸಿದ ಕೂಡಲೇ ಎಂಥ ಬೆಲ್ಲವೂ ಬಂಗಾರದ ಹಾಗೆ ಹೊಳೆಯುತ್ತದೆ, ಘಮ್ಮೆನ್ನುತ್ತದೆ. ಕೆಟ್ಟದ್ದಾದರೆ ಆರಿದ ಮೇಲೆ ಜಿನುಗುತ್ತದೆ, ಬಣ್ಣ ಬಿಡುತ್ತದೆ. ಬಿಸಿಯಲ್ಲೇ ಕೊಂಡ ಎಷ್ಟೋ ಮಂದಿ ಮುಳುಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹಾಗಾಗಿ ಆಲೆಮನೆಯ ಜಗುಲಿಯಲ್ಲಿ ಕೂತು, ಕಬ್ಬಿನ ಹಾಲು ಕುಡಿದು, ಊರ ಸುದ್ದಿಯೆಲ್ಲ ಕೇಳಿ, ಬೆಲ್ಲ ಪೂರ್ತಿ ತಣ್ಣಗಾದ ಮೇಲೆಯೇ ಕೈಹಾಕುತ್ತಿದ್ದ. ಒಂದು ಸಲವೂ ಮೋಸ ಹೋಗಲಿಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ನಾಲೆಯ ಏರಿ ಹತ್ತುವಾಗ ಎಂಜಿನ್ ಇದ್ದಕ್ಕಿದ್ದಂತೆ ಹೋ ಎಂದು ಕೂಗಿತು. ಕಾರು ಮಾತ್ರ ಮುಂದಕ್ಕೆ ಹೋಗಲಿಲ್ಲ. ಅವನು ಆಕ್ಸಿಲರೇಟರನ್ನು ಇನ್ನೂ ಒತ್ತಿದ. ಸ್ವಲ್ಪ ಹೊತ್ತು ಕೂಗಿ, ಒಳಗೆ ಏನೋ ಕಚ್ಚಿಕೊಂಡ ಹಾಗೆ ಜಗ್ಗಿ, ಕಾರು ಏರಿ ಹತ್ತಿತು. ಮರುದಿನ ಬೆಳಿಗ್ಗೆ ತೆಗೆದರೆ ಏನೂ ಆಗದ ಹಾಗೆ ಓಡಿತು.

ವಾರ ಕಳೆದ ಮೇಲೆ ಮತ್ತೆ ಹಾಗಾಯಿತು. ಅವನು ಅಸಡ್ಡೆ ಮಾಡುವ ಮನುಷ್ಯನಲ್ಲ. ಮೆಕ್ಯಾನಿಕ್ಕಿಗೆ ತೋರಿಸಬೇಕೆಂದು ನಿಶ್ಚಯಿಸಿದ. ಏನನ್ನೇ ಪರೀಕ್ಷಿಸುವುದಾದರೂ ಆರಿದ ಮೇಲೆಯೇ ಎಂಬ ಕ್ರಮ ಅವನಿಗಿತ್ತಲ್ಲ. ಹಿಂದಿನ ದಿನವೇ ಕಾರು ತೊಳೆಸಿ, ನೆರಳಿನಲ್ಲಿ ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಬೆಳಗಿನ ತಂಪಿನಲ್ಲಿ ಒಯ್ದ. ಯಾವ ದಿನ, ಯಾವ ಏರಿನಲ್ಲಿ, ಎಷ್ಟು ಸಲ ಗೇರು ಹಿಡಿಯದೆ ಜಾರಿತು ಎಂದು ಒಂದನ್ನೂ ಬಿಡದೆ ಹೇಳಿದ.

ಮೆಕ್ಯಾನಿಕ್ ಕಾರನ್ನು ಅಂಗಳದಲ್ಲಿ ಎರಡು ಸುತ್ತು ಓಡಿಸಿ ನಕ್ಕ.

“ಸಾವ್ಕಾರ್ರೇ, ಗಾಡಿ ಕುದುರೆ ಹಾಗಿದೆ. ನಿಮ್ಮ ಕಾಲು ರಿಪೇರಿ ಮಾಡು ಅಂದ್ರೆ ಅದು ನನ್ನ ಕೈಲಾಗೋ ಕೆಲಸ ಅಲ್ಲ.”

ವ್ಯಾಪಾರಿಯೂ ನಕ್ಕ. ಕಾಲಿನ ಮಾತಿಗೆ ತಾನೇ ಮೊದಲು ನಗುವುದನ್ನು ಅವನು ಬಹಳ ಹಿಂದೆಯೇ ರೂಢಿ ಮಾಡಿಕೊಂಡಿದ್ದ. ಆದರೆ ಆ ಮಧ್ಯಾಹ್ನ ಕಾರು ಮತ್ತೆ ಜಾರಿತು.

ಎರಡನೆಯ ಮೆಕ್ಯಾನಿಕ್ಕಿನ ಹತ್ತಿರವೂ ಹಾಗೆಯೇ ಒಯ್ದ, ತಣ್ಣಗಾದ ಮೇಲೆಯೇ. ಅವನು ಗೇರ್‌ಬಾಕ್ಸಿನ ಎಣ್ಣೆ ಸ್ವಲ್ಪ ಇಳಿದಿದೆ ಎಂದು ಹೊಸ ಎಣ್ಣೆ ಸುರಿದ. ಹದಿನೈದು ದಿನ ಕಾರು ಚೆನ್ನಾಗಿ ಓಡಿತು. ಸರಿ, ಮದ್ದು ಸಿಕ್ಕಿತು ಎಂದುಕೊಂಡು ವ್ಯಾಪಾರಿ ತಾನೇ ಎಣ್ಣೆಯ ಡಬ್ಬಿ ತಂದಿಟ್ಟುಕೊಂಡ. ಜಾರಿದಾಗೆಲ್ಲ ಒಂದಿಷ್ಟು ಸುರಿಯುವುದು, ಏರು ಬಂದರೆ ಜೋರಾಗಿ ತುಳಿಯುವುದು. ಹೀಗೆ ಎರಡು ವರ್ಷ ನಡೆಯಿತು. ಮೊದಲು ವಾರಕ್ಕೊಮ್ಮೆ ಜಾರುತ್ತಿದ್ದದ್ದು ದಿನಕ್ಕೊಮ್ಮೆ ಆಯಿತು. ಆಮೇಲೆ ಸಮತಟ್ಟು ರಸ್ತೆಯಲ್ಲೂ ಜಾರತೊಡಗಿತು. ದೂರದ ಆಲೆಮನೆಗಳನ್ನು ಅವನು ಒಂದೊಂದಾಗಿ ಕೈಬಿಟ್ಟ. ಅಲ್ಲಿಯ ಬೆಲ್ಲ ಯಾಕೋ ಮೊದಲಿನಂತಿಲ್ಲ ಎಂದು ಕೇಳಿದವರಿಗೆ ಹೇಳಿದ.

ಜಿಲ್ಲೆಯ ಪಟ್ಟಣದಲ್ಲಿ ಒಬ್ಬ ಮುದಿ ಮೇಸ್ತ್ರಿ ಇದ್ದಾನೆ, ಇಂಥ ಗೇರ್‌ಬಾಕ್ಸುಗಳಲ್ಲೇ ಕೂದಲು ನರೆಸಿದವನು ಎಂದು ಯಾರೋ ಅಂದರು. ವ್ಯಾಪಾರಿ ಒಂದು ದಿನ ಮುಂಚೆಯೇ ಅಲ್ಲಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿದ. ಬೆಳಿಗ್ಗೆ ತಣ್ಣಗಿದ್ದ ಕಾರನ್ನು ಎರಡು ಬೀದಿ ದಾಟಿಸಿ ಮೇಸ್ತ್ರಿಯ ಮುಂದೆ ನಿಲ್ಲಿಸಿದ.

ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ತೆರೆಯಲಿಲ್ಲ.

“ಐಸ್ ಹಾಗೆ ಇದೆಯಲ್ರೀ. ದೂರದಿಂದ ಬಂದೆ ಅಂದ್ರಿ?”

“ನಿನ್ನೆಯೇ ಬಂದೆ. ಆರಲಿ ಅಂತ ಬಿಟ್ಟಿದ್ದೆ. ಬಿಸಿಯಲ್ಲಿ ಯಾವ ಸರಕೂ ನಿಜ ಹೇಳಲ್ಲ, ಮೇಸ್ತ್ರಿ.”

“ಬೆಲ್ಲ ಹೇಳಲ್ಲ ಅನ್ನಿ. ಜ್ವರ ಬಿಟ್ಟ ಮೇಲೆ ಡಾಕ್ಟರ ಹತ್ರ ಹೋಗಿ ಜ್ವರ ಎಲ್ಲಿದೆ ಹುಡುಕು ಅಂತೀರಾ? ಹತ್ತಿ. ಇದರ ಮೈ ಬಿಸಿಯಾಗಲಿ.”

ಇಬ್ಬರೂ ಬಿಸಿಲಿನಲ್ಲಿ ಒಂದು ಗಂಟೆ ಸುತ್ತಿದರು. ಗುಡ್ಡದ ರಸ್ತೆಯಲ್ಲಿ ಕಾರು ಜಾರಿತು, ಕೂಗಿತು. ವ್ಯಾಪಾರಿಯ ಕಾಲು ತಾನಾಗಿಯೇ ಆಕ್ಸಿಲರೇಟರನ್ನು ಒತ್ತಿತು. ಮೇಸ್ತ್ರಿ ಆ ಕಾಲನ್ನೇ ನೋಡುತ್ತಿದ್ದ. ಸಮತಟ್ಟಿನ ಜಾಗದಲ್ಲಿ ನಿಲ್ಲಿಸಲು ಹೇಳಿ, ಎಂಜಿನ್ ಆರಿಸಗೊಡದೆ, ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಯ ಮೇಲೆ ಒರೆಸಿದ. ಕೆಂಪಗಿರಬೇಕಾದ ಎಣ್ಣೆ ಕಪ್ಪಗಿತ್ತು. ಬೆರಳಲ್ಲಿ ಉಜ್ಜಿದ, ನುಣ್ಣನೆಯ ಕರಿ ಪುಡಿ ಅಂಟಿತು. ಆಮೇಲೆ ಬಟ್ಟೆಯನ್ನು ವ್ಯಾಪಾರಿಯ ಮೂಗಿಗೆ ಹಿಡಿದ.

“ನಿಮ್ಮ ಮೂಗು ಬಲು ಚುರುಕು ಅಂತ ಕೇಳಿದೀನಿ. ನೀವೇ ಹೇಳಿ.”

ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ತಳ ಹಿಡಿದ ಪಾಕದ ವಾಸನೆ. ಎಷ್ಟೋ ಆಲೆಮನೆಗಳಲ್ಲಿ ಆ ವಾಸನೆ ಬಂದ ಕೂಡಲೇ ಅವನು ಕೋಲು ತೆಗೆದುಕೊಂಡು ಎದ್ದಿದ್ದಾನೆ. ಸೀದ ಪಾಕಕ್ಕೆ ಹೊಸ ಕಬ್ಬಿನ ಹಾಲು ಬೆರೆಸಿ ಸರಿಮಾಡಿದ್ದೇವೆ ಎಂದು ಕೈಮುಗಿದವರನ್ನು ಕಂಡು ನಕ್ಕಿದ್ದಾನೆ. ಎರಡು ವರ್ಷದಿಂದ ತಾನು ಡಬ್ಬಿ ಡಬ್ಬಿ ಸುರಿದದ್ದು ಸೀದ ಕೊಪ್ಪರಿಗೆಗೇ.

“ಒಳಗೆ ಒಂದನ್ನೊಂದು ಹಿಡಿದುಕೊಳ್ಳೋ ಬಿಲ್ಲೆಗಳಿವೆ,” ಎಂದ ಮೇಸ್ತ್ರಿ. “ಹಿಡಿತ ತಪ್ಪಿ ಜಾರಿದಾಗೆಲ್ಲ ನೀವು ತುಳಿದ್ರಿ. ತುಳಿದಷ್ಟೂ ಉಜ್ಜಿ ಉಜ್ಜಿ ಸುಟ್ಟವು. ಈ ಪುಡಿ ಅವುಗಳದ್ದೇ.”

“ಮೊದಲ ಸಲ ಜಾರಿದಾಗಲೇ, ಬಿಸಿಯಲ್ಲೇ ತಂದು ತೋರಿಸಿದ್ದರೆ?”

ಮೇಸ್ತ್ರಿ ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

“ಒಳಗೆ ಒಂದು ಪಟ್ಟಿ ಇದೆ. ಸಡಿಲ ಆಗಿದ್ದಿರಬೇಕು. ಒಂದು ತಿರುಪು ಬಿಗಿ ಮಾಡಿದ್ರೆ ಮುಗೀತಿತ್ತು.”

“ಈಗ ಎಣ್ಣೆಯನ್ನೆಲ್ಲ ಇಳಿಸಿ ಹೊಸದು ಹಾಕಿದರೆ?”

“ಈ ಕರಿ ಪುಡಿಯೇ ಈಗ ಅಷ್ಟಿಷ್ಟು ಹಿಡಿದುಕೊಂಡಿರೋದು. ಅದನ್ನೂ ತೊಳೆದುಬಿಟ್ರೆ ಇಲ್ಲೇ ಕೂತುಬಿಡುತ್ತೆ. ಬಿಲ್ಲೆ ಹೊಸದು ಎಲ್ಲೂ ಸಿಗಲ್ಲ, ಇದನ್ನ ಮಾಡೋದು ನಿಲ್ಲಿಸಿ ಕಾಲ ಆಯ್ತು. ಇದರ ಜೊತೆಯವೆಲ್ಲ ಗುಜರಿಗೆ ಹೋದವು, ಸಾವ್ಕಾರ್ರೇ. ಊರಿನ ಕಡೆ ಹೊರಡಿ. ಎಷ್ಟು ದೂರ ಹೋಗುತ್ತೋ ಅಷ್ಟು.”

ವ್ಯಾಪಾರಿ ಹೊರಟ. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಮೆಲ್ಲಗೆ ತುಳಿದ. ಎರಡು ವರ್ಷದ ಹಿಂದೆ ಹೀಗೆ ತುಳಿದಿದ್ದರೆ ಎಂಬ ಯೋಚನೆ ಮೈಲಿಗಲ್ಲು ಬಂದಾಗೆಲ್ಲ ಬಂತು. ಊರಿಗೆ ಇನ್ನು ಒಂದೂವರೆ ಮೈಲಿ ಇದೆ ಎನ್ನುವಾಗ, ನಾಲೆಯ ಏರಿಯ ಬುಡದಲ್ಲಿ, ಎಂಜಿನ್ ಕೂಗಿತು. ಕಾರು ನಿಂತಿತು. ಅವನು ತುಳಿಯಲಿಲ್ಲ. ಕಾಲು ತೆಗೆದ, ಎಂಜಿನ್ ಆರಿಸಿದ, ಆರಲಿ ಎಂದು ಕಾದ. ಬಾನೆಟ್ಟಿನ ಮೇಲೆ ಕೈಯಿಟ್ಟರೆ ತಂಪು ಹತ್ತುವವರೆಗೆ ಕಾದ. ಆಮೇಲೆ ಚಾಲೂ ಮಾಡಿದ. ಎಂಜಿನ್ ಹೊಸದರ ಹಾಗೆ ಗುನುಗಿತು. ಗೇರಿಗೆ ಹಾಕಿದ. ಈ ಸಲ ಆರಿದ ಮೇಲೂ ಅದು ಹಿಡಿಯಲಿಲ್ಲ.

ಕಬ್ಬು ಕಡಿದು ಬರುತ್ತಿದ್ದ ನಾಲ್ಕು ಆಳುಗಳು ಕಾರನ್ನು ಪಕ್ಕಕ್ಕೆ ತಳ್ಳಿಕೊಟ್ಟರು. ವ್ಯಾಪಾರಿ ಕೋಲು ಊರಿಕೊಂಡು ಏರಿ ಹತ್ತಲು ನೋಡಿದ. ಹತ್ತು ಹೆಜ್ಜೆಗೆ ಕಾಲು ಸೋತಿತು. ಆಳುಗಳಲ್ಲಿ ಒಬ್ಬ ಅವನ ಮುಂದೆ ಬೆನ್ನು ತೋರಿಸಿ ಕುಕ್ಕರಿಸಿದ.

“ಹತ್ತಿ ಸಾವ್ಕಾರ್ರೇ, ನಾಚಿಕೆ ಏನು ಬಂತು? ಕಬ್ಬಿನ ಹೊರೆಗಿಂತ ಹಗುರಾಗಿದ್ದೀರಿ.”

ವ್ಯಾಪಾರಿ ಸುತ್ತ ನೋಡಿದ. ಬೇರೆ ದಾರಿ ಇರಲಿಲ್ಲ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಆ ಬೆವರಿದ ಕೊರಳನ್ನು ತಬ್ಬಿಕೊಂಡ.

ಏರಿಯ ಮೇಲೆ ಹೋಗುವಾಗ ಆಳಿಗೆ ಗುರುತಿನವನೊಬ್ಬ ಎದುರಾದ. ಇಬ್ಬರೂ ನಿಂತು ನಾಳೆ ಯಾರ ಗದ್ದೆಯ ಕಬ್ಬು ಕಡಿಯುವುದೆಂದು ಮಾತಾಡತೊಡಗಿದರು. ಮಾತು ಬೆಳೆಯಿತು. ಮಧ್ಯೆ ಒಂದು ಸಲ ಆಳು, ಮೂಟೆ ಜಾರಿದರೆ ಸರಿಮಾಡಿಕೊಳ್ಳುವ ಹಾಗೆ, ಅವನನ್ನು ಮೇಲಕ್ಕೆ ಎತ್ತಿ ಹಾಕಿಕೊಂಡ. ವ್ಯಾಪಾರಿ ಕೋಲು ಬೀಳದ ಹಾಗೆ ಕಂಕುಳನ್ನು ಬಿಗಿಮಾಡಿಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೆ ಬುದ್ಧೀ, ಆ ವ್ಯಾಪಾರಿ ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲವಲ್ಲ? ಜಾರಿದ್ದನ್ನೆಲ್ಲ ಎಣಿಸಿ ಎಣಿಸಿ ಹೇಳಿದ್ದನಲ್ಲ?”

“ನೀನೂ ಹೇಳಿದ್ದೀಯೆ, ಆದರೆ ಈ ಹನ್ನೆರಡು ವರ್ಷದಲ್ಲಿ ಒಂದು ಸಲವಾದರೂ, ಸಿಟ್ಟು ಇನ್ನೂ ಬಿಸಿಯಾಗಿರುವಾಗಲೇ ನನ್ನ ಹತ್ತಿರ ಬಂದದ್ದುಂಟೇ?” ಎಂದರು ಗುರುಗಳು.