ಕೋಣ ತಿಂದ ಬಲದ ಕಾಯಿ

ಒಂದು ಮುದಿ ಕೋಣ ಮೈಗೆ ಬಲ ಬರಲೆಂದು ದಿನವೂ ಒಂದು ಕಹಿಕಾಯಿ ತಿನ್ನತೊಡಗಿತು. ಅದಕ್ಕಾಗಿ, ಕಾಯಿ ಕಿತ್ತು ಕೊಡುವ ಕೋತಿಯನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಬೇಕಿತ್ತು. ತಿಂಗಳಾಗುವಷ್ಟರಲ್ಲಿ ಕೋಣಕ್ಕೆ ವಿಪರೀತ ಬೆನ್ನುನೋವು ಬಂತು.

"ಹಾಗಾದರೆ ದಿನಕ್ಕೆ ಎರಡು ತಿನ್ನಬೇಕು, ಮಾವ," ಎಂದಿತು ಕೋತಿ.

ಕೋಣ ದಿನಕ್ಕೆರಡು ಸಲ ಗುಡ್ಡ ಹತ್ತಿತು. ಕಾಲೆಳೆಯುತ್ತ ಬರುತ್ತಿದ್ದ ಅದನ್ನು ಕಂಡು ನೆರೆಯ ಕತ್ತೆಗೆ ಮರುಕವಾಯಿತು.

"ಕೋಣಣ್ಣ, ಈ ನೋವು ಕೋತಿಯ ಭಾರದಿಂದ ಬಂದದ್ದು. ಒಂದು ವಾರ ಕಾಯಿ ಬಿಟ್ಟು ನೋಡು."

ಕೋಣ ಹೆದರುತ್ತಲೇ ಬಿಟ್ಟಿತು. ವಾರದೊಳಗೆ ನೋವು ಮಾಯವಾಗಿ, ಕರುವಿನಂತೆ ಕುಣಿಯುತ್ತ ಹೊರಟಿತು.

"ಎಲ್ಲಿಗೆ?" ಎಂದು ಕತ್ತೆ ಕೇಳಿತು.

"ಕೋತಿಯ ಹತ್ತಿರ! ಕಾಯಿಯ ಗುಣ ಈಗ ತಾನೇ ಮೈಗೆ ಹತ್ತಿದೆ. ಇಂಥ ಹೊತ್ತಿನಲ್ಲಿ ಬಿಡುವುದುಂಟೇ?"